ಮಡಿಕೇರಿಯ ಮಳೆಯಲ್ಲಿ ಅಂಗಡಿಗೆ ಸಗಟು ತಂದ ಐಸಿ (ಚಿಪ್), ಕೆಪಾಸಿಟರ್‌ನಂಥ ಎಲೆಕ್ಟ್ರಾನಿಕ್ ಬಿಡಿಭಾಗಗಳು ಕಸವಾಗದಂತೆ ಉಳಿಸುವುದು ಹೇಗೆ?

ಇಲ್ಲಿ ಮೊದಲ ಶತ್ರು ತೇವ. ಐಸಿಯ ಪ್ಲಾಸ್ಟಿಕ್ ಮೈ ಗಾಳಿಯ ತೇವ ಹೀರಿಕೊಳ್ಳುತ್ತದೆ. ಬೆಸುಗೆ ಹಾಕುವಾಗ ಅದು ಆವಿಯಾಗಿ ಒಳಗೇ ಬಿರುಕು ಬಿಡಿಸುತ್ತದೆ. ಹಾಗಾಗಿ ಐಸಿ ಬರುವ, ಸೀಲ್ ಆದ ಬೆಳ್ಳಿ ಬಣ್ಣದ ಚೀಲವನ್ನು ಸುಮ್ನೆ ಬಿಚ್ಚಬೇಡಿ. ಬಿಚ್ಚಿದಾಗ ಒಳಗಿರುವ, ತೇವ ತೋರಿಸುವ ಕಾರ್ಡ್ ನೋಡಿ, ನೀಲಿ ಚುಕ್ಕಿ ಗುಲಾಬಿಯಾಗಿದ್ದರೆ ತೇವ ಹೊಕ್ಕಿದೆ ಎಂದರ್ಥ. ಆದರೂ ಎಸೆಯಬೇಕಿಲ್ಲ. ಐಸಿಗಳನ್ನು ಸಾಮಾನ್ಯವಾಗಿ 125 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಬಹುದು. ಐಸಿ ಸುತ್ತಿ ಬರುವ ಪ್ಲಾಸ್ಟಿಕ್ ರೀಲ್ ಮಾತ್ರ ಆ ಬಿಸಿ ತಡೆಯಲ್ಲ, ಜೋಪಾನ.

ನನ್ನ ಪ್ರಕಾರ ಜಾಸ್ತಿ ಕಸವಾಗುವುದು ಅಗ್ಗ ಅಂತ ರಾಶಿ ತಂದ ಮಾಲೇ. ಆನೆ ತಡೆಯುವ ಸೋಲಾರ್ ಬೇಲಿ ರಿಪೇರಿಗೆ ಬೇಕಾದಷ್ಟನ್ನೇ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡ್‌ನಿಂದ ತರಿಸಿ. ಹಳೆಯದನ್ನು ಮೊದಲು ಮಾರಿ. ಕೆಟ್ಟ ಬೋರ್ಡ್‌ಗಳನ್ನು ಗುಜರಿಗೆ ಹಾಕದೆ, ನೋಂದಣಿಯಾದ ಇ-ತ್ಯಾಜ್ಯ ಮರುಬಳಕೆ ಘಟಕಕ್ಕೇ ಕೊಡಿ.