ಕೆಲಸಗಾರರ ಪರವೋ, ಕಂಪನಿಯ ಪರವೋ?

ಪ್ರಶ್ನೆ: ಲೆಮ್ಯುಯೆಲ್ ಶಾ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಶಾಸಕರೂ ಆಗಿದ್ದರು, ಮುಖ್ಯ ನ್ಯಾಯಮೂರ್ತಿಯೂ ಆಗಿದ್ದರು. ಎರಡೂ ಒಟ್ಟಿಗೇ ನಡೆಯಿತೇ?

ಉತ್ತರ: ಇಲ್ಲ. ಆ ರಾಜ್ಯದ 1780ರ ಸಂವಿಧಾನ ಅದಕ್ಕೆ ಅವಕಾಶ ಕೊಡುವುದಿಲ್ಲ. 1811ರಿಂದ ಬಿಟ್ಟುಬಿಟ್ಟು ಎರಡೂ ಸದನಗಳಲ್ಲಿ ಕೂತಿದ್ದ ಶಾ, 1822ರ ಬಾಸ್ಟನ್ ನಗರದ ಸನ್ನದನ್ನೂ ಬರೆದುಕೊಟ್ಟರು. 1830ರಲ್ಲಿ ಗವರ್ನರ್ ಲೀವೈ ಲಿಂಕನ್, ಶಾ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿದರು. ಅಲ್ಲಿ ನ್ಯಾಯಾಧೀಶರು ಚುನಾವಣೆಗೆ ನಿಲ್ಲಬೇಕಿರಲಿಲ್ಲ. ಹಾಗಾಗಿಯೇ 1860ರವರೆಗೆ, ಮೂವತ್ತು ವರ್ಷ, ಯಾರ ಮುಲಾಜೂ ಇಲ್ಲದೆ ಆ ಪೀಠದಲ್ಲಿದ್ದರು.

ಪ್ರಶ್ನೆ: 1842ರಲ್ಲಿ ಅವರು ಕಾರ್ಮಿಕ ಸಂಘದ ಪರ ತೀರ್ಪು ಕೊಟ್ಟರು. ಅದೇ ವರ್ಷ ಕೈ ಕಳೆದುಕೊಂಡ ರೈಲ್ವೆ ನೌಕರನಿಗೆ ಪರಿಹಾರವಿಲ್ಲ ಎಂದರು. ಇದೆಂಥ ನ್ಯಾಯ?

ಉತ್ತರ: ಎರಡರ ಬೇರೂ ಒಂದೇ. ಜನ ತಾವಾಗಿ ಒಪ್ಪಿಕೊಂಡ ಕರಾರಿಗೆ ಕೋರ್ಟು ಕೈಹಾಕಬಾರದು ಎಂಬುದು ಅವರ ನಂಬಿಕೆ. ಬಾಸ್ಟನ್ನಿನ ಬೂಟು ಹೊಲಿಯುವವರು, ಸಂಘದ ಹೊರಗಿನವರನ್ನು ಇಟ್ಟುಕೊಂಡ ಮಾಲೀಕನ ಬಳಿ ದುಡಿಯುವುದಿಲ್ಲ ಎಂದು ಕಟ್ಟು ಮಾಡಿಕೊಂಡಿದ್ದರು. ಕೆಳಗಿನ ಕೋರ್ಟು ಇದನ್ನು ಒಳಸಂಚು ಎಂದಿತ್ತು. ಶಾ ನೋಡಿದ್ದು ಎರಡೇ ಅಂಶ: ಗುರಿ ಅಪರಾಧವೇ? ಹಿಡಿದ ದಾರಿ ಅಪರಾಧವೇ? ಆರೋಪಪಟ್ಟಿಯಲ್ಲಿ ಎರಡೂ ಇರಲಿಲ್ಲ. ಶಿಕ್ಷೆ ಬಿದ್ದುಹೋಯಿತು.

ಇನ್ನು ಫಾರ್ವೆಲ್ ಪ್ರಕರಣ. ಆತ ಬಾಸ್ಟನ್–ವೂಸ್ಟರ್ ರೈಲುಮಾರ್ಗದ ಎಂಜಿನ್ ಡ್ರೈವರ್, ದಿನಕ್ಕೆ 2 ಡಾಲರ್ ಸಂಬಳ. 1837ರಲ್ಲಿ ಪಾಯಿಂಟ್ಸ್‌ಮನ್ ಒಬ್ಬ ಪಾಯಿಂಟ್ಸ್ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಜೋಡಣೆ) ಸರಿಯಾಗಿ ತಿರುಗಿಸದೆ ಬಿಟ್ಟ. ಎಂಜಿನ್ ಹಳಿ ತಪ್ಪಿ ಫಾರ್ವೆಲ್ಲನ ಬಲಗೈ ಜಜ್ಜಿಹೋಯಿತು. ಗಾಯವಾದದ್ದು ಹೊರಗಿನವನಿಗಾಗಿದ್ದರೆ, ನೌಕರನ ತಪ್ಪಿಗೆ ಕಂಪನಿಯೇ ಹೊಣೆ. ಜೊತೆಕೆಲಸಗಾರನಿಗೆ ಆ ನಿಯಮ ಸಲ್ಲದು, ಅಪಾಯದ ಬೆಲೆ ಸಂಬಳದಲ್ಲೇ ಸೇರಿದೆ, ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರುತ್ತಾರೆ ಎಂದರು ಶಾ.

ಅವರು ಎಡವಿದ್ದು ಇಲ್ಲೇ. ಓಡುವ ಎಂಜಿನ್ನಿನ ಮೇಲೆ ನಿಂತವನು ಮುಂದೆಲ್ಲೋ ಇರುವ ಪಾಯಿಂಟ್ಸ್‌ಮನ್ನನ ಮೇಲೆ ಕಣ್ಣಿಡುವುದು ಹೇಗೆ? ಒಂದೇ ಬೆಂಚಿನಲ್ಲಿ ಕೂತು ಬೂಟು ಹೊಲಿಯುವವರಿಗಾದರೆ ಆ ಮಾತು ಒಪ್ಪಬಹುದಿತ್ತು. ತಮ್ಮ ತರ್ಕ ಇಲ್ಲಿ ನಿಲ್ಲುವುದಿಲ್ಲವೆಂಬ ಆಕ್ಷೇಪ ಶಾ ಅವರ ಮುಂದೆಯೇ ಬಂದಿತ್ತು. ಬೇರೆ ಬೇರೆ ಕಡೆ ಕೆಲಸ ಮಾಡುವವರೆಂದು ನಿಯಮ ಬದಲಾಗದು ಎಂದು ತಳ್ಳಿಹಾಕಿದರು. ಇತರ ರಾಜ್ಯಗಳೂ ಇದೇ ಹಾದಿ ಹಿಡಿದವು. ಮ್ಯಾಸಚೂಸೆಟ್ಸ್ 1887ರಲ್ಲಿ ಕಾಯಿದೆ ತಂದು ನಿಯಮವನ್ನು ಸಡಿಲಿಸಿತು. ಕಾರ್ಮಿಕ ಪರಿಹಾರ ಕಾಯಿದೆ ಬಂದದ್ದು 1911ರಲ್ಲಿ.