ಓದುಗರ ಪ್ರಶ್ನೆ: ಜಿಯಾ ವಿಮಾನಕ್ಕೆ ನಿಜವಾಗ್ಲೂ ಏನಾಯ್ತು?

ಪ್ರಶ್ನೆ: ಪಾಕಿಸ್ತಾನ ಆಳ್ತಿದ್ದ ಜನರಲ್ ಜಿಯಾ ಉಲ್ ಹಕ್ ಸತ್ತಿದ್ದು ಮಾವಿನಹಣ್ಣಿನ ಡಬ್ಬದಲ್ಲಿಟ್ಟಿದ್ದ ಬಾಂಬ್‌ನಿಂದ ಅಂತ ನಮ್ಮಪ್ಪ ಯಾವಾಗ್ಲೂ ಹೇಳ್ತಿದ್ರು. ಮೊನ್ನೆ ಒಬ್ರು, ಅದೆಲ್ಲ ಸುಳ್ಳು, ವಿಮಾನಾನೇ ಕೆಟ್ಟಿತ್ತು ಅಂದ್ರು. ಯಾವುದನ್ನ ನಂಬೋದು ಸಾರ್? (ಓದುಗರು, ಶಿವಮೊಗ್ಗ)

ಉತ್ತರ: ಮಾವಿನಹಣ್ಣು ಇದ್ದಿದ್ದಂತೂ ನಿಜ. ನಮ್ಮ ಕಡೆ ಆಗಸ್ಟ್ ಹೊತ್ತಿಗೆ ಮಾವಿನ ಕಾಲ ಮುಗಿದೇ ಹೋಗಿರುತ್ತೆ, ಆದ್ರೆ ಅಲ್ಲಿ ದಕ್ಷಿಣ ಪಂಜಾಬ್ ಕಡೆ, ಮುಲ್ತಾನ್ ಸುತ್ತಮುತ್ತ ಚೌಸಾ ಹಣ್ಣು ಇನ್ನೂ ಬರ್ತಾನೇ ಇರುತ್ತೆ, ಹಂಗಾಗಿ ಆ ಕಡೆ ಹೋದೋರಿಗೆ ಒಂದೆರಡು ಕ್ರೇಟ್ ಹಣ್ಣು ಕೊಟ್ಟು ಕಳಿಸೋದು ದೊಡ್ಡ ವಿಷಯ ಏನಲ್ಲ. 1988ರ ಆಗಸ್ಟ್ 17ನೇ ತಾರೀಖು ಜಿಯಾ ಅದೇ ಕಡೆಯ ಬಹಾವಲ್‌ಪುರಕ್ಕೆ ಹೋಗಿದ್ದು ಅಮೆರಿಕದ ಅಬ್ರಾಮ್ಸ್ ಟ್ಯಾಂಕ್ ಹೆಂಗೆ ಹೊಡೆಯುತ್ತೆ ಅಂತ ನೋಡೋಕೆ. ಟ್ಯಾಂಕು ಗುರಿ ತಪ್ಪಿತು. ಊಟ ಮುಗಿಸಿ ಮಧ್ಯಾಹ್ನ 3.46ಕ್ಕೆ ಸೇನಾ ವಿಮಾನ ಸಿ-130 ಹರ್ಕ್ಯುಲಸ್‌ನಲ್ಲಿ ವಾಪಸ್ ಹೊರಟ್ರು. ಜೊತೆಗೆ ಪಾಕ್ ಗೂಢಚಾರ ಸಂಸ್ಥೆ ಐಎಸ್ಐ ಹಳೇ ಮುಖ್ಯಸ್ಥ ಜನರಲ್ ಅಖ್ತರ್ ಅಬ್ದುಲ್ ರೆಹಮಾನ್, ಅಮೆರಿಕದ ರಾಯಭಾರಿ ಆರ್ನಾಲ್ಡ್ ರಾಫೆಲ್, ಅಮೆರಿಕದ ಬ್ರಿಗೇಡಿಯರ್ ಜನರಲ್ ಹರ್ಬರ್ಟ್ ವಾಸಮ್, ಎಲ್ಲ ಸೇರಿ ಸುಮಾರು 30 ಜನ.

ಟೇಕಾಫ್ ಆಗಿ ಕೆಲವೇ ನಿಮಿಷಕ್ಕೆ ವಿಮಾನ ಮೇಲೆ ಕೆಳಗೆ, ಮೇಲೆ ಕೆಳಗೆ ತೂಗಾಡೋಕೆ ಶುರುವಾಯ್ತಂತೆ, ಕೆಳಗೆ ಹಳ್ಳಿ ಜನ ಕಣ್ಣಾರೆ ನೋಡಿದಾರೆ, ಆಮೇಲೆ ಮೂತಿ ಕೆಳಗೆ ಮಾಡಿ ಸಟ್ಲೆಜ್ ನದಿ ಹತ್ರ ಬಸ್ತಿ ಲಾಲ್ ಕಮಾಲ್ ಅನ್ನೋ ಕಡೆ ನೆಲಕ್ಕೆ ಅಪ್ಪಳಿಸಿ ಹೊತ್ತಿ ಉರೀತು. ಒಬ್ಬರೂ ಉಳೀಲಿಲ್ಲ. ಆರ್ಮಿ ವೈಸ್ ಚೀಫ್ ಮಿರ್ಜಾ ಅಸ್ಲಂ ಬೇಗ್ ಬೇರೆ ವಿಮಾನದಲ್ಲಿದ್ರು, ಆ ಬೆಂಕಿ ಮೇಲೆ ಒಂದು ಸುತ್ತು ಹಾಕಿ ಇಳೀದೆ ಸೀದಾ ರಾವಲ್ಪಿಂಡಿಗೆ ಹೋದ್ರು. ಅವತ್ತಿಂದ ಇವತ್ತಿನವರೆಗೂ ಜನ ಆ ಒಂದು ಸುತ್ತಿನ ಬಗ್ಗೇನೇ ಅನುಮಾನದಿಂದ ಮಾತಾಡ್ತಾರೆ.

ಈಗ ನಿಮ್ಮಪ್ಪನ ಮಾತಿಗೆ ಬರ್ತೀನಿ. ಪಾಕಿಸ್ತಾನದ ವಾಯುಪಡೆ ಅಮೆರಿಕದ ತಜ್ಞರ ಸಹಾಯ ತಗೊಂಡು ತನಿಖೆ ಮಾಡ್ತು. ಮಾವಿನ ಗೊರಟೆ ಮೇಲೆ ಸ್ಫೋಟಕದ ಅಂಶ, ಅವಶೇಷದಲ್ಲಿ ಆಂಟಿಮನಿ, ರಂಜಕ ಸಿಕ್ತು ಅಂತ ವರದಿ ಹೇಳುತ್ತೆ. ಆದ್ರೆ ವಿಮಾನ ಗಾಳಿಯಲ್ಲಿ ಒಡೆದು ಚೂರಾಗಿಲ್ಲ, ಇಡಿಯಾಗೇ ಬಂದು ನೆಲಕ್ಕೆ ಬಿದ್ದಿದೆ, ಅಂದ್ರೆ ಸಿನಿಮಾದಲ್ಲಿ ತೋರಿಸೋ ಥರ ಢಮಾರ್ ಅಂತ ಬಾಂಬ್ ಸಿಡಿದಿದ್ದಲ್ಲ. ಅದಕ್ಕೇ ಪಾಕಿಸ್ತಾನದ ತನಿಖೆಯೋರು ಸಣ್ಣ ಸ್ಫೋಟದಿಂದ ವಿಷದ ಗ್ಯಾಸ್ ಬಿಟ್ಟು ಪೈಲಟ್‌ಗಳ ಪ್ರಜ್ಞೆ ತಪ್ಪಿಸಿರಬಹುದು ಅಂದ್ರು, ಇದು ಬೇಕಂತಲೇ ಮಾಡಿದ ವಿಧ್ವಂಸಕ ಕೃತ್ಯ ಇರೋ ಸಾಧ್ಯತೇನೇ ಜಾಸ್ತಿ ಅಂತ ಬರೆದ್ರು. ಅಮೆರಿಕದ ಕಡೆಯೋರು ವಿಮಾನದ ಮೂತಿ ಮೇಲೆ ಕೆಳಗೆ ಮಾಡೋ ಎಲಿವೇಟರ್ ಕಂಟ್ರೋಲ್ ಹೈಡ್ರಾಲಿಕ್ಸ್ ಕಡೆ ಬೆರಳು ತೋರಿಸಿದ್ರು, ಆ ಜಾತಿ ವಿಮಾನಕ್ಕೆ ಆ ಥರ ತೊಂದ್ರೆ ಮುಂಚೆನೂ ಬಂದಿತ್ತು. ವಿಮಾನದಲ್ಲಿ ಬ್ಲ್ಯಾಕ್ ಬಾಕ್ಸ್ ಇರ್ಲಿಲ್ಲ.

ನಂಗೆ ಹೊಟ್ಟೆ ಉರಿಯೋದು ಇಲ್ಲಿ. ಗ್ಯಾಸ್ ಬಿಟ್ರಾ ಇಲ್ವಾ ಅಂತ ತಿಳಿಯೋಕೆ ಕಾಕ್‌ಪಿಟ್‌ನಲ್ಲಿದ್ದವರ ಪೋಸ್ಟ್‌ಮಾರ್ಟಮ್ ಮಾಡ್ಬೇಕಿತ್ತು, ಅಷ್ಟೇ ತಾನೆ? ಮಾಡ್ಲೇ ಇಲ್ಲ. ಮುಸ್ಲಿಂ ಸಂಪ್ರದಾಯದಲ್ಲಿ ಬೇಗ ಮಣ್ಣು ಮಾಡ್ಬೇಕು ಅಂತ ಕಾರಣ ಕೊಟ್ರು. ಆದ್ರೆ ಜಿಯಾಗೆ ಇಸ್ಲಾಮಾಬಾದ್‌ನ ಫೈಸಲ್ ಮಸೀದಿ ಪಕ್ಕ ಮಣ್ಣು ಕೊಟ್ಟಿದ್ದು ಆಗಸ್ಟ್ 20ಕ್ಕೆ, ನಡುವೆ ಮೂರು ದಿನ ಇತ್ತಲ್ಲ! ವಾಸಮ್ ಶವದ ಪರೀಕ್ಷೆ ಅಮೆರಿಕನ್ನರು ಮಾಡಿದ್ರು, ಗ್ಯಾಸ್ ಕುಡಿದ ಗುರುತು ಸಿಗ್ಲಿಲ್ಲ. ಆದ್ರೆ ಅವ್ರು ಕೂತಿದ್ದು ಹಿಂದೆ ಗಣ್ಯರಿಗಂತ ಬೇರೆ ಮಾಡಿದ್ದ ವಿಐಪಿ ಕ್ಯಾಪ್ಸೂಲ್‌ನಲ್ಲಿ, ಪೈಲಟ್‌ಗಳ ಕಥೆ ಅದ್ರಿಂದ ಗೊತ್ತಾಗಲ್ಲ. ಆ ಪೈಲಟ್‌ಗಳೇನು ರಾಜಕೀಯ ಮಾಡಿದೋರಲ್ಲ, ಡ್ಯೂಟಿಗೆ ಬಂದೋರು, ಅವರ ಮನೆಯೋರಿಗಾದ್ರೂ ನಿಮ್ಮ ಮಗನಿಗೆ ಹಿಂಗಾಯ್ತಮ್ಮ ಅಂತ ಹೇಳೋ ಋಣ ಸರ್ಕಾರಕ್ಕಿತ್ತು. ಯಾವುದನ್ನ ನಂಬೋದು ಅಂತ ಕೇಳಿದ್ರಿ, ನಾನು ಎರಡನ್ನೂ ನಂಬಲ್ಲ, ತೀರ್ಮಾನ ಮಾಡೋ ಸಾಕ್ಷೀನೇ ಮಣ್ಣಿಗೆ ಹೋಗಿದೆ.

ಪ್ರಶ್ನೆ: ತನ್ನ ರಾಯಭಾರೀನೇ ಸತ್ರೂ ಅಮೆರಿಕ ಯಾಕೆ ಸುಮ್ನಿತ್ತು? (ಓದುಗರು, ಧಾರವಾಡ)

ಉತ್ತರ: ಒಳ್ಳೇ ಪ್ರಶ್ನೆ ಕೇಳಿದ್ರಿ. ವಿದೇಶದಲ್ಲಿ ಅಮೆರಿಕನ್ನರನ್ನ ಕೊಂದ್ರೆ ಎಫ್‌ಬಿಐ ಹೋಗಿ ತನಿಖೆ ಮಾಡಬಹುದು ಅಂತ 1986ರಲ್ಲೇ ಕಾನೂನು ಆಗಿತ್ತು, ಆದ್ರೂ ಅವ್ರು ಪಾಕಿಸ್ತಾನಕ್ಕೆ ಹೋಗಿದ್ದು 1989ರಲ್ಲಿ, ಅಷ್ಟರಲ್ಲಿ ನೋಡೋಕೆ ಏನು ಉಳಿದಿರುತ್ತೆ ಹೇಳಿ. ವಿಮಾನ ಬಿದ್ದಾಗ ಅಫ್ಘಾನಿಸ್ತಾನದಿಂದ ಸೋವಿಯತ್ ಸೈನ್ಯ ವಾಪಸ್ ಹೋಗ್ತಾ ಇತ್ತು, ಅದಕ್ಕಂತಾನೇ ಆ ವರ್ಷ ಏಪ್ರಿಲ್‌ನಲ್ಲಿ ಜಿನೀವಾ ಒಪ್ಪಂದ ಆಗಿತ್ತು. ಅದನ್ನ ಕೆಡಿಸ್ಕೊಳ್ಳೋದು ಅವರಿಗೆ ಬೇಕಿರಲಿಲ್ಲ ಅಂತ ನನ್ನ ಅನಿಸಿಕೆ. ದೆಹಲಿಯಲ್ಲಿದ್ದ ಅವರದೇ ರಾಯಭಾರಿ ಜಾನ್ ಗುಂತರ್ ಡೀನ್, ಇದ್ರಲ್ಲಿ ಇಸ್ರೇಲ್ ಕೈ ಇರಬಹುದು ಅಂತ ಸಂಶಯ ಪಟ್ಟು ಹೇಳೋಕೆ ಹೋದ್ರು. ಅವರ ಮನಸ್ಸು ಸರಿ ಇಲ್ಲ ಅಂತ ಮಾಡಿ ಕೆಲಸದಿಂದ ಬಿಡಿಸಿದ್ರು. ಡೀನ್ ಹೇಳಿದ್ದಕ್ಕೂ ಪುರಾವೆ ಇಲ್ಲ, ಆದ್ರೆ ಕೇಳಿಸ್ಕೊಳ್ಳಬಹುದಿತ್ತು.

ಪ್ರಶ್ನೆ: ಭಾರತದ ಕೈವಾಡ ಇತ್ತು ಅಂತಾರಲ್ಲ? (ಓದುಗರು, ಮಂಗಳೂರು)

ಉತ್ತರ: ಅಂತಾರೆ, ಆಧಾರ ಕೊಟ್ಟೋರು ಯಾರೂ ಇಲ್ಲ. ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿ, ಅಫ್ಘಾನ್ ಗೂಢಚಾರರು, ಮಾಜಿ ಪ್ರಧಾನಿ ಭುಟ್ಟೋ ಮಗ ಮುರ್ತಜಾನ ಅಲ್-ಜುಲ್ಫಿಕರ್ ಗುಂಪು, ಪಾಕ್ ಸೇನೆಯೊಳಗಿನೋರು, ಎಲ್ಲರ ಹೆಸರೂ ಬಂದಿದೆ. 1977ರಲ್ಲಿ ಅಧಿಕಾರ ಕಿತ್ಕೊಂಡು, 1979ರಲ್ಲಿ ಜುಲ್ಫಿಕರ್ ಅಲಿ ಭುಟ್ಟೋನ ಗಲ್ಲಿಗೇರಿಸಿದ ಮನುಷ್ಯನಿಗೆ ಶತ್ರುಗಳಿಗೇನು ಬರ, ಆದ್ರೆ ದ್ವೇಷ ಇತ್ತು ಅಂದ ಮಾತ್ರಕ್ಕೆ ಕೊಂದ ಅಂತ ಆಗಲ್ಲ. 1987ರ ಫೆಬ್ರವರಿಯಲ್ಲಿ ಇದೇ ಜಿಯಾ ಜೈಪುರಕ್ಕೆ ಕ್ರಿಕೆಟ್ ನೋಡೋಕೆ ಬಂದಿದ್ರು. ಜಿಯಾ ಅಂತ್ಯಕ್ರಿಯೆಗೆ ನಮ್ಮ ರಾಷ್ಟ್ರಪತಿ ವೆಂಕಟರಾಮನ್ ಹೋಗಿದ್ರು.

ಜಿಯಾ ಮಗ ಇಜಾಜ್ ಉಲ್ ಹಕ್ ಮುಂದೆ ಅಲ್ಲೇ ಮಂತ್ರೀನೂ ಆದ್ರು, ಮತ್ತೆ ತನಿಖೆ ಮಾಡಿ ಅಂತ ಎಷ್ಟೋ ಸಲ ಕೇಳಿದಾರೆ. ಇನ್ನೂ ಉತ್ತರ ಸಿಕ್ಕಿಲ್ಲ ಅವರಿಗೆ.