ಪುಣೆ ಹತ್ತಿರದ ಪಿಂಪ್ರಿಯಲ್ಲಿ ಗ್ಯಾರೇಜ್ ಶುರು ಮಾಡುತ್ತಿದ್ದೇನೆ. ದೊಡ್ಡ ಬ್ರ್ಯಾಂಡಿನ ಅಗ್ಗದ ಟೂಲ್ ಸೆಟ್ ತಗೊಳ್ಳಲಾ?

ಅಮೆರಿಕದ ದುಬಾರಿ ಟೂಲ್ ಬ್ರ್ಯಾಂಡ್ ಸ್ನ್ಯಾಪ್-ಆನ್ ಕೈಗೆಟುಕುವುದಿಲ್ಲ, ಅದೇ ಕಂಪನಿಯ ಅಗ್ಗದ ಬ್ಲೂ-ಪಾಯಿಂಟ್ ಸೆಟ್ ಸಾಕಾ ಅಂತ ಕೇಳಿದ್ದೀರಿ. ಹತ್ತು ವರ್ಷದ ಹಿಂದೆ ನಿಮ್ಮ ಪಕ್ಕದ ಭೋಸರಿಯಲ್ಲಿ ನಾನೂ ಹೀಗೇ ಲೆಕ್ಕ ಹಾಕಿದ್ದೆ.

ವಿಜಯಪುರದಿಂದ ಬಂದು ನಾಲ್ಕು ವರ್ಷ ಬೇರೆಯವರ ಗ್ಯಾರೇಜಿನಲ್ಲಿ ದುಡಿದಿದ್ದೆ. ಸ್ವಂತ ಶೆಡ್ ಹಾಕಿದಾಗ ಮುಂಬೈನ ನಾಗದೇವಿ ಸ್ಟ್ರೀಟಿಗೆ ಹೋಗಿ ಒಂದು ದೊಡ್ಡ ಕಂಪನಿಯ ಅಗ್ಗದ ಲೈನಿನ ಸಾಕೆಟ್ ಸೆಟ್ ತಂದೆ. ಹೆಸರು ಬೇಡ, ಬ್ಲೂ-ಪಾಯಿಂಟ್ ಅಂತೂ ಅಲ್ಲ. ಡಬ್ಬಿಯ ಮೇಲೆ ಆ ಹೆಸರು ಕಂಡದ್ದೇ ಖುಷಿ. ಗೋಟಿ (ಬೋಲ್ಟಿನ ತಲೆಗೆ ತೊಡಿಸಿ ತಿರುಗಿಸುವ ಸಾಕೆಟ್) ತೆಗೆದು ಒಳಗೆ ನೋಡಲೇ ಇಲ್ಲ.

ಎರಡನೇ ತಿಂಗಳು ರತ್ನಾಗಿರಿ ಕಡೆಯ ಕಾರೊಂದು ಬಂತು. ಸಮುದ್ರದ ಗಾಳಿಗೆ ಅಡಿಯೆಲ್ಲ ತುಕ್ಕು. ಬ್ರೇಕ್ ಕ್ಯಾಲಿಪರಿನ 17 ಎಂಎಂ ಬೋಲ್ಟಿಗೆ ಗೋಟಿ ಹಾಕಿ ಜಗ್ಗಿದೆ. ಜಾರಿತು. ಇನ್ನೊಮ್ಮೆ ಜಗ್ಗಿದೆ. ಬೋಲ್ಟಿನ ತಲೆ ಗುಂಡಗಾಯಿತು, ನನ್ನ ಬೆರಳಿನ ಗಿಣ್ಣು ಸುಲಿಯಿತು.

ನನ್ನ ಗೋಟಿಗಳು ಒಳಗೆ 12 ಮೂಲೆಯವು. ತಪ್ಪಾದದ್ದು ಅಲ್ಲೇ. ಬೋಲ್ಟಿನ ತಲೆಗೆ ಇರುವುದು ಆರು ಮುಖ. ಆರು ಮೂಲೆಯ ಗೋಟಿ ಆ ಮುಖಗಳನ್ನು ಒತ್ತಿ ಹಿಡಿಯುತ್ತದೆ. 12 ಮೂಲೆಯದ್ದು ಬೋಲ್ಟಿನ ಮೂಲೆಯ ಹತ್ತಿರ ಹಿಡಿಯುತ್ತದೆ. ಒಳ್ಳೆ ಬೋಲ್ಟಿಗೆ ನಡೆಯುತ್ತದೆ, ಇಕ್ಕಟ್ಟಿನಲ್ಲಿ ಬೇಗ ಕೂರುತ್ತದೆ ಕೂಡ. ತುಕ್ಕು ತಿಂದ ಬೋಲ್ಟಿನಲ್ಲಿ ಮೂಲೆಯೇ ಮೊದಲು ಸವೆದಿರುತ್ತದೆ, ಅಲ್ವಾ? ಸಾಲದ್ದಕ್ಕೆ ನನ್ನ ಗೋಟಿ ಸಡಿಲವೂ ಇತ್ತು. ತಲೆಗೆ ಒಂದು ನಟ್ ವೆಲ್ಡ್ ಮಾಡಿಸಿ ಬಿಚ್ಚುವಷ್ಟರಲ್ಲಿ ಮಾರನೇ ದಿನ. ಖರ್ಚೆಲ್ಲ ನನ್ನದೇ. ವೆಲ್ಡಿಂಗ್ ಮಾಡಿದವರು ಕಲಬುರಗಿ ಕಡೆಯ ಹಿರಿಯರು. "ತಮ್ಮಾ, ಡಬ್ಬಿ ಮ್ಯಾಲಿನ ಹೆಸರು ಓದೀದಿ, ಗೋಟಿ ಒಳಗ ನೋಡಿಲ್ಲ" ಅಂದರು.

ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಹೆಸರು ಒಂದೇ ಮನೆಯದ್ದಾದರೂ ಅಗ್ಗದ ಲೈನಿನ ಫ್ಯಾಕ್ಟರಿ, ಫಿನಿಶಿಂಗ್, ವಾರಂಟಿ ಬೇರೆ ಇರಬಹುದು. ಸೆಟ್ಟೇ ಬೇಡ. ರಿಂಗ್ ಪಾನಾ, ಫಿಕ್ಸ್ ಪಾನಾಗಳಿಗೆ (ಸ್ಪ್ಯಾನರ್‌ಗಳಿಗೆ) ನಾಸಿಕದ ತಪಾರಿಯಾ ಕಂಪನಿ ಧಾರಾಳ ಸಾಕು. 1960ರ ದಶಕದಲ್ಲಿ ಸ್ವೀಡನ್ ಕಂಪನಿಯೊಂದರ ತಾಂತ್ರಿಕ ನೆರವಿನಿಂದ ಶುರುವಾದದ್ದು ಅದು, ಸುಮ್ನೆ ಅಗ್ಗದ ಮಾಲಲ್ಲ. ಉಳಿದ ದುಡ್ಡಿನಲ್ಲಿ 10, 12, 14, 17, 19ರ ಆರು ಮೂಲೆಯ ಗೋಟಿಗಳನ್ನು ಬಿಡಿಯಾಗಿ ತಗೊಳ್ಳಿ. ಜಾಸ್ತಿ ದುಡ್ಡು ಗೋಟಿ ತಿರುಗಿಸುವ ಹಿಡಿಯಾದ ರ‍್ಯಾಚೆಟ್ಟಿಗೆ ಹಾಕಿ. ಬಿಗಿದ ಬೋಲ್ಟ್ ಸಡಿಲಿಸಲು ಉದ್ದನೆ ಹ್ಯಾಂಡಲ್ ಬೇರೆಯೇ ಇರಲಿ. ರ‍್ಯಾಚೆಟ್ಟಿಗೆ ಪೈಪ್ ತೂರಿಸಿ ಜಗ್ಗಿದರೆ ಒಳಗಿನ ಹಲ್ಲು ಮುರಿಯುತ್ತವೆ.

ಅಂಗಡಿಗೆ ಹೋಗುವಾಗ ಜೇಬಿನಲ್ಲಿ 17ರ ಹೊಸ ಬೋಲ್ಟ್ ಒಂದು ಇರಲಿ. ಗೋಟಿಗೆ ಹಾಕಿ ಅಲ್ಲಾಡಿಸಿ ನೋಡಿ. ಲೊಡಲೊಡ ಅಂದರೆ ಮೇಲೆ ಯಾವ ಹೆಸರಿದ್ದರೂ ಅಲ್ಲೇ ಬಿಟ್ಟು ಬನ್ನಿ.